ತಮ್ಮನೊಡನೆ ಒಂದು ಹಗಲು

ಅವಿನಾಶಿಯ ಬಳಿಯ ನಮ್ಮ ಹಳ್ಳಿಯಿಂದ ಕೊಯಮತ್ತೂರಿಗೆ ಸುಮಾರು 40 ಕಿಲೋಮೀಟರು. ತಿರುಪ್ಪೂರಿಗೆ ಅದರ ಅರ್ಧವೂ ಇಲ್ಲ. ಇಷ್ಟು ಸಮೀಪದ ತಿರುಪ್ಪೂರಿನಲ್ಲಿ ವಾಸವಾಗಿರುವ ನನ್ನ ಒಡಹುಟ್ಟಿದ ತಮ್ಮನ ಮುಖವನ್ನು ನಾನು ಹದಿಮೂರು ವರ್ಷ ನೋಡಲಿಲ್ಲ. ಸಮುದ್ರದಾಚೆ ಹೋದವರು ಸಹ ವರ್ಷಕ್ಕೊಮ್ಮೆ ಊರಿಗೆ ಬಂದು ಹೋಗುವ ಈ ಕಾಲದಲ್ಲಿ, ಒಂದು ಗಂಟೆಯ ಬಸ್ಸಿನ ದಾರಿಯನ್ನು ನಾವಿಬ್ಬರೂ ಸಮುದ್ರ ಮಾಡಿಕೊಂಡಿದ್ದೆವು. ಅದನ್ನು ದಾಟಿದ ಒಂದು ಹಗಲಿನ ಸಂಗತಿಯನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ. ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯ ವಿಷಯವೇ, ಆದರೂ ಹೇಳುತ್ತೇನೆ.

2024ರ ನವರಾತ್ರಿಗೆ ನಾಲ್ಕು ದಿನ ಮುಂಚೆ ಕೊಯಮತ್ತೂರಿನಿಂದ ಅಕ್ಕ ಫೋನು ಮಾಡಿದಳು. ರಾಜವೀದಿಯ ಹಿಂದಿನ ಒಂದು ಸಂದಿಯಲ್ಲಿ ಅವಳ ಮನೆ. ನಮ್ಮ ತಂದೆತಾಯಿಗಳಿಬ್ಬರೂ ಈಗಿಲ್ಲ. ಎರಡು ಕಡೆಯ ಸುದ್ದಿಯನ್ನೂ ಅತ್ತಿಂದಿತ್ತ ಮುಟ್ಟಿಸದೆ, ಎರಡು ಕಡೆಯ ನೋವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಬಂದವಳು ಅವಳೊಬ್ಬಳೇ.

"ದಶಮಿ ದಿನ ತಮ್ಮ ಬರ್ತಾನೆ. ನೀನೂ ಬಾ. ಬರದಿದ್ರೆ ಇನ್ನು ನನ್ನ ಹೊಸಲು ತುಳಿಬೇಡ" ಎಂದಳು. ಉತ್ತರಕ್ಕೆ ಕಾಯದೆ ಫೋನಿಟ್ಟಳು.

ಆ ಅಕ್ಟೋಬರ್ 12ರ ಶನಿವಾರ ಬೆಳಿಗ್ಗೆ ನಾನು ಬಸ್ಸು ಹತ್ತಿದೆ. ವಿಜಯದಶಮಿಯೆಂದರೆ ತಮಿಳುನಾಡಿನ ಶಾಲೆಗಳಲ್ಲಿ ಎಳೆಯ ಮಕ್ಕಳನ್ನು ಹೊಸದಾಗಿ ಸೇರಿಸಿಕೊಳ್ಳುವ ದಿನ. ಮುಖ್ಯೋಪಾಧ್ಯಾಯನಾದವನು ಅಂದು ಶಾಲೆಯಲ್ಲಿರಬೇಕು. ಆ ಕೆಲಸವನ್ನು ಸಹೋದ್ಯೋಗಿ ಉಪಾಧ್ಯಾಯಿನಿಯೊಬ್ಬರಿಗೆ ಒಪ್ಪಿಸಿ, ಶುಭ್ರವಾದ ಬಿಳಿ ಅಂಗಿ ತೊಟ್ಟು ಹೊರಟೆ. ಬಸ್ಸಿನಲ್ಲಿ ಕುಳಿತಿದ್ದ ಹೊತ್ತೆಲ್ಲ ತಮ್ಮನನ್ನು ಕಂಡೊಡನೆ ಆಡಬೇಕಾದ ಮೊದಲ ಮಾತನ್ನು ಮನಸ್ಸಿನಲ್ಲಿಯೇ ತಿದ್ದಿತಿದ್ದಿ ಬರೆಯುತ್ತಿದ್ದೆ. ಗಾಂಧಿಪುರದಲ್ಲಿ ಇಳಿದಾಗ ಒಂದು ಮಾತೂ ಉಳಿದಿರಲಿಲ್ಲ.

ನಾವು ಹೀಗೆ ದೂರವಾದದ್ದೇಕೆ ಎಂಬುದನ್ನು ಇಲ್ಲಿ ಹೇಳಬೇಕು. ನಾವು ದೇವಾಂಗರು. ನಮ್ಮವರಲ್ಲಿ ತೆಲುಗು ಮನೆಮಾತಿನವರೂ ಉಂಟು, ಕನ್ನಡ ಮನೆಮಾತಿನವರೂ ಉಂಟು, ನಮ್ಮದು ಕನ್ನಡ. ಅಪ್ಪ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ನಸುಕಿನಲ್ಲಿ ಬೀದಿಯುದ್ದಕ್ಕೂ ಹಾಸು ಚಾಚಿ, ಬಿಸಿಲೇರುವ ಮುನ್ನ ಗಂಜಿ ಹಚ್ಚುವಾಗ ಈ ಕೊನೆಗೆ ನಾನು, ಆ ಕೊನೆಗೆ ತಮ್ಮ. ಶಾಲೆಯಿಂದ ಬಂದ ಮೇಲೆ ಇಬ್ಬರೂ ಕಂಡಿಕೆ ಸುತ್ತುತ್ತಿದ್ದೆವು. ನನಗೆ ಓದು ಹತ್ತಿತು. ತಮ್ಮನಿಗೆ ಹತ್ತಲಿಲ್ಲ. ಎಂಟನೆಯ ತರಗತಿಗೆ ಶಾಲೆ ಬಿಟ್ಟು, ತಿರುಪ್ಪೂರಿನ ಬನಿಯನ್ ಕಂಪನಿಯೊಂದಕ್ಕೆ ಕೂಲಿಗೆ ಹೋದನು. ಅವನ ಮೊದಲ ವರ್ಷಗಳ ಕೂಲಿಯಲ್ಲೊಂದು ಪಾಲು ನನ್ನ ಶಿಕ್ಷಕ ತರಬೇತಿಯ ಊಟದ ಖರ್ಚಿಗೆ ಬಂದಿದೆ. ಇದನ್ನು ನಾನು ಬಹುಕಾಲ ಯಾರಿಗೂ ಹೇಳಿರಲಿಲ್ಲ.

ತಿರುಪ್ಪೂರು ಆಗ ಏರುತ್ತಿದ್ದ ಊರು. 1978ರಲ್ಲಿ ಇಟಲಿಯ ವರ್ತಕರೊಬ್ಬರು ಮುಂಬಯಿಯ ರಫ್ತುದಾರರ ಮೂಲಕ ಅಲ್ಲಿಗೆ ಬಂದು ಬಿಳಿಯ ಟೀ ಷರ್ಟುಗಳನ್ನು ಕೊಂಡುಹೋದರು. ಹೊರದೇಶದ ವ್ಯಾಪಾರಕ್ಕೆ ಅದೇ ಬಾಗಿಲು ತೆರೆಯಿತೆಂದು ಊರಿನವರು ಇಂದಿಗೂ ಹೇಳುತ್ತಾರೆ. ಬಿಳಿಯದಾದ ಮೇಲೆ ಬಣ್ಣದ್ದು ಬೇಕಾಯಿತು. ಬಣ್ಣ ಬೇಕಾದಾಗ ಬಣ್ಣದ ಮನೆಗಳು ಎದ್ದವು. ತಮ್ಮನೂ ದುಡಿದು, ಸಾಲ ಮಾಡಿ, ಒಂದು ಚಿಕ್ಕ ಬಣ್ಣದ ಮನೆ ಇಟ್ಟನು. ಅವನ ಉಗುರುಗಳ ಬುಡದಲ್ಲಿ ಒಂದು ವಾರ ನೀಲಿ, ಒಂದು ವಾರ ಕೆಂಪು. ಅವ್ವನಿಗೆ ಶಸ್ತ್ರಚಿಕಿತ್ಸೆಯಾದಾಗ ಆಸ್ಪತ್ರೆಯ ಹಣವನ್ನೆಲ್ಲ ಕಟ್ಟಿದವನು ಅವನು. ಆಗ ಆ ಹಣದ ಬಣ್ಣವನ್ನು ನಾನು ಕೇಳಲಿಲ್ಲ.

ಆದರೆ ಬಣ್ಣದ ನೀರೆಲ್ಲ ನೊಯ್ಯಲ್ ಹೊಳೆಗೆ ಹೋಗುತ್ತಿತ್ತು. ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ಕೊಯಮತ್ತೂರು ತಿರುಪ್ಪೂರುಗಳನ್ನು ಹಾದು, ಕರೂರು ಜಿಲ್ಲೆಯಲ್ಲಿ ಕಾವೇರಿಯನ್ನು ಸೇರುವ ಹೊಳೆ ಅದು. ಬೇಸಾಯಕ್ಕೆಂದು ಅದಕ್ಕೆ ಕಟ್ಟಿದ ಒರತ್ತುಪಾಳೈಯದ ಅಣೆಕಟ್ಟಿನಲ್ಲಿ ಬಣ್ಣ ಮತ್ತು ಉಪ್ಪು ತುಂಬಿದ ನೀರು ನಿಂತು, ಕೆಳಗಿನ ರೈತರ ಬಾವಿಗಳೂ ಹೊಲಗಳೂ ಕೆಟ್ಟವು. ರೈತರು ನ್ಯಾಯಾಲಯಕ್ಕೆ ಹೋದರು. 2011ರ ಜನವರಿಯಲ್ಲಿ ಮದ್ರಾಸು ಉಚ್ಚ ನ್ಯಾಯಾಲಯವು ತಿರುಪ್ಪೂರಿನ ಬಣ್ಣದ ಮನೆಗಳನ್ನು ಮುಚ್ಚಬೇಕೆಂದು ಆಜ್ಞೆ ಮಾಡಿತು. 700ಕ್ಕೂ ಹೆಚ್ಚು ಬಣ್ಣದ ಮನೆಗಳು ಒಮ್ಮೆಲೇ ನಿಂತುಹೋದವು. ತಮ್ಮನದೂ ನಿಂತಿತು. ಸಾಲ ಮಾತ್ರ ನಿಲ್ಲಲಿಲ್ಲ.

ಆ ಬೇಸಿಗೆಯಲ್ಲಿ ಅವನು ಹಳ್ಳಿಗೆ ಬಂದು, ಅಪ್ಪನ ಮನೆಯನ್ನು ಅಡವಿಡಲು ಒಪ್ಪಿಗೆ ಕೇಳಿದನು. ನಾನು ಆಗ ಶಾಲೆಯ ಮಕ್ಕಳಿಂದ ನೊಯ್ಯಲಿನ ಕುರಿತು ಪ್ರಬಂಧ ಬರೆಸುತ್ತಿದ್ದ ಮೇಷ್ಟ್ರು. ಮನೆಯ ಜಗಲಿಯ ಮೇಲೆ, ನೆರೆಯವರ ಎದುರಿನಲ್ಲಿ, "ಹೊಳೆ ಕೊಂದು ಸಂಪಾದಿಸಿದ ಬಾಳು ಹೊಳೆಯಲ್ಲೇ ಹೋಗಲಿ" ಎಂದುಬಿಟ್ಟೆ. ಅವನು ಏನೂ ಹೇಳಲಿಲ್ಲ. ಅವ್ವ ಕುಡಿಯಲು ಕೊಡುತ್ತಿದ್ದ ಹಿತ್ತಾಳೆ ಚೊಂಬಿನಲ್ಲಿ ನೀರು ಕುಡಿದು, ಚೊಂಬನ್ನು ಮೆಲ್ಲಗೆ ಕೆಳಗಿಟ್ಟು ಹೊರಟುಹೋದನು. ಮನೆ ಉಳಿಯಿತು. ತಮ್ಮ ಉಳಿಯಲಿಲ್ಲ.

ರಾಜವೀದಿಯನ್ನು ನಾನು ಮುಟ್ಟಿದಾಗ ಮೆರವಣಿಗೆ ಬರುತ್ತಿತ್ತು. ಅಲ್ಲಿಯ ಚೌಡೇಶ್ವರಿ ಅಮ್ಮನ ಗುಡಿಯ ಕತ್ತಿಹಬ್ಬವನ್ನು ನೋಡಿದವರು ಮರೆಯಲಾರರು. ವ್ರತ ಹಿಡಿದ ಯುವಕರು ಎರಡು ಕೈಗಳಲ್ಲೂ ಅಲಗು ಹಿಡಿದು, ತಮ್ಮ ಎದೆಗೂ ತೋಳಿಗೂ ತಾವೇ ಹೊಡೆದುಕೊಳ್ಳುತ್ತ, "ತೀಸುಕೋ ತಾಯೇ" ಎಂದು ಕೂಗುತ್ತ ಬರುತ್ತಾರೆ. ಕರೆದರೂ ಬಾರದೆ ಮುನಿದು ನಿಂತ ತಾಯಿಯನ್ನು ನಮ್ಮ ಪೂರ್ವಿಕರು ಹೀಗೆ ತಮ್ಮ ರಕ್ತವನ್ನೇ ಕೊಟ್ಟು ಒಲಿಸಿಕೊಂಡರೆಂದು ಅಪ್ಪ ಹೇಳುತ್ತಿದ್ದರು. ಕೂಗು ತೆಲುಗಿನದು, ಕೂಗುವವರಲ್ಲಿ ಅನೇಕರ ಮನೆಮಾತು ಕನ್ನಡ, ಬೀದಿಯ ಮಾತು ತಮಿಳು. ತಾಯಿಗೆ ಮೂರೂ ತಿಳಿಯುತ್ತದೆ.

ಅಲಗಿನ ಗಾಯಗಳಿಗೆ ಅರಿಶಿನದ ಪುಡಿಯನ್ನು ಹಚ್ಚುವುದು ಪದ್ಧತಿ. ಗುಂಪಿನ ಅಂಚಿನಲ್ಲಿ ಒಬ್ಬನು ತಟ್ಟೆಯ ತುಂಬ ಅರಿಶಿನವನ್ನಿಟ್ಟುಕೊಂಡು, ಎದುರಿಗೆ ಬಂದ ಹುಡುಗರ ಎದೆಗೆ ಹಿಡಿಹಿಡಿಯಾಗಿ ಒತ್ತುತ್ತಿದ್ದನು. ತಲೆ ಪೂರ್ತಿ ನರೆತಿತ್ತು. ಬೆನ್ನು ಸ್ವಲ್ಪ ಬಾಗಿತ್ತು. ಅಪ್ಪನೇ ನಿಂತಂತಿತ್ತು. ನಾನು ಕಣ್ಣುಜ್ಜಿಕೊಂಡು ನೋಡಿದೆ. ನನ್ನ ತಮ್ಮ.

ಅವನೂ ನನ್ನನ್ನು ಕಂಡನು. ತಟ್ಟೆಯನ್ನು ಪಕ್ಕದವನ ಕೈಗೆ ಕೊಟ್ಟು ಹತ್ತಿರ ಬಂದನು. ಸುತ್ತಲೂ ಕೂಗು, ತಮಟೆ, ನೂಕುನುಗ್ಗಲು. ನಾನು ಬಾಯಿ ತೆರೆದೆ, ಮಾತು ಬರಲಿಲ್ಲ. ಅವನು ನನ್ನ ತೋಳನ್ನು ಹಿಡಿದುಕೊಂಡು, "ಉಂಡ್ಯಾ ಅಣ್ಣಾ?" ಎಂದನು.

ಬಂಧುಗಳೇ, ನಮ್ಮ ಕಡೆ ದಿನಕ್ಕೆ ಹತ್ತು ಜನ ನನ್ನನ್ನು ಊಟವಾಯಿತೇ ಎಂದು ಕೇಳುತ್ತಾರೆ. ಎಲ್ಲರೂ ತಮಿಳಿನಲ್ಲಿ ಕೇಳುತ್ತಾರೆ, ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ 'ಉಂಡ್ಯಾ' ಎಂಬ ಆ ಮಾತು ನನ್ನ ಕಿವಿಗೆ ಬಿದ್ದು ಹದಿಮೂರು ವರ್ಷವಾಗಿತ್ತು. ಅವ್ವ ಆಡುತ್ತಿದ್ದ ಮಾತು ಅದು. ಅವ್ವ ಹೋದ ಮೇಲೆ ನನ್ನೊಡನೆ ಅದನ್ನಾಡುವವನು ತಮ್ಮನೊಬ್ಬನೇ ಆಗಿದ್ದನು. ಜಗಲಿಯ ಮೇಲೆ ಆಡಿದ ಒಂದೇ ಮಾತಿನಿಂದ ನಾನು ತಮ್ಮನನ್ನು ಮಾತ್ರ ಕಳೆದುಕೊಳ್ಳಲಿಲ್ಲ, ಅವನ ಬಾಯಲ್ಲಿದ್ದ ಅವ್ವನನ್ನೂ ಕಳೆದುಕೊಂಡಿದ್ದೆ ಎಂಬುದು ಆ ನೂಕುನುಗ್ಗಲಿನ ನಡುವೆ ನನಗೆ ಹೊಳೆಯಿತು. ನನ್ನ ಬಿಳಿ ಅಂಗಿಯ ತೋಳಿನ ಮೇಲೆ ಅವನ ಐದು ಬೆರಳುಗಳ ಅರಿಶಿನ ಮೂಡಿತ್ತು.

ಅಕ್ಕ ಬಾಗಿಲಲ್ಲಿಯೇ ನಿಂತಿದ್ದಳು. ಇಬ್ಬರನ್ನೂ ಒಟ್ಟಿಗೆ ಕಂಡು ಒಂದು ಮಾತನ್ನೂ ಆಡದೆ ಒಳಗೆ ಹೋದಳು. ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ. ಆಮೇಲೆ ಚೊಂಬಿನಲ್ಲಿ ಸಿರುವಾಣಿಯ ನೀರು ಕೊಟ್ಟಳು. ಎಲೆ ಹಾಕಿ ಒಬ್ಬಟ್ಟು ಬಡಿಸಿದಳು. ಕೊಂಗುನಾಡಿನ ತಮಿಳರೂ ಇದನ್ನು 'ಒಪ್ಪುಟ್ಟು' ಎಂದೇ ಕರೆಯುತ್ತಾರೆ. ನಮ್ಮ ಎಷ್ಟೋ ಮಾತುಗಳು ಮರೆಯಾದವು. ಸಿಹಿಯಾದ ಈ ಒಂದು ಮಾತು ನೆರೆಯವರ ಮನೆಯಲ್ಲಿಯೂ ಉಳಿಯಿತೆಂದು ಮೂವರೂ ನಕ್ಕೆವು. ಅದು ಆ ದಿನದ ಮೊದಲ ನಗು.

ಊಟ ಮುಗಿಯುವ ಹೊತ್ತಿಗೆ ತಮ್ಮನ ಫೋನು ಸದ್ದು ಮಾಡಿತು. ಪರದೆಯಲ್ಲಿ ಅವನ ಮಗಳ ಮುಖ. ನಾನು ಕೊನೆಯ ಸಲ ಕಂಡಾಗ ಅವಳು ಹತ್ತು ವರ್ಷದ ಹುಡುಗಿ. ಈಗ ಇಟಲಿಯ ಮಿಲಾನ್ ನಗರದಲ್ಲಿ ಬಟ್ಟೆಯ ತಂತ್ರಜ್ಞಾನವನ್ನು ಓದುತ್ತಿದ್ದಾಳಂತೆ. ನಮಗೆ ಮಧ್ಯಾಹ್ನ ಒಂದು ಗಂಟೆ, ಅಲ್ಲಿ ಬೆಳಿಗ್ಗೆ ಒಂಬತ್ತೂವರೆ. ಅವಳ ಬೆನ್ನ ಹಿಂದೆ ಆ ಊರಿನ ದೊಡ್ಡ ಚರ್ಚಿನ ಬಿಳಿಯ ಅಮೃತಶಿಲೆಯ ಗೋಪುರಗಳು ಕಾಣುತ್ತಿದ್ದವು. 1386ರಲ್ಲಿ ಕಟ್ಟಲು ತೊಡಗಿ, ಮುಗಿಸಲು ಹಲವು ತಲೆಮಾರುಗಳೇ ಹಿಡಿದ ಕಟ್ಟಡವದು ಎಂದು ನಾನು ಓದಿದ್ದೆ. ಬನಿಯನ್ನು ಹುಡುಕಿಕೊಂಡು ಇಟಲಿಯವನು ತಿರುಪ್ಪೂರಿಗೆ ಬಂದ. ಈಗ ಬನಿಯನ್ನಿನವನ ಮಗಳು ವಿದ್ಯೆ ಹುಡುಕಿಕೊಂಡು ಇಟಲಿಗೆ ಹೋಗಿದ್ದಾಳೆ ಎಂದುಕೊಂಡೆ.

ತಮ್ಮನು ಫೋನನ್ನು ನನ್ನತ್ತ ತಿರುಗಿಸಿದನು. ನಾನು ತಮಿಳಿನಲ್ಲಿ ಮಾತಿಗೆ ತೊಡಗುವವನಿದ್ದೆ. ಅಷ್ಟರಲ್ಲಿ ಅವಳು, "ದೊಡ್ಡಪ್ಪಾ, ಉಂಡ್ರಾ? ಅಕ್ಕತ್ತೆ ಒಬ್ಬಟ್ಟು ಮಾಡಿದ್ರಾ? ನನಗೆ ಒಂದು ತೆಗೆದಿಡಿ" ಎಂದು ಅಚ್ಚ ನಮ್ಮ ಮನೆಯ ಕನ್ನಡದಲ್ಲಿ ಹೇಳಿದಳು.

ನಾನು ತಬ್ಬಿಬ್ಬಾದೆ. ಕಾರಣವುಂಟು. ನಾನು ತರಬೇತಿಗೆ ಸೇರಿದ ವರ್ಷ ಒಬ್ಬ ತಾಳವಾಡಿಯ ಗೆಳೆಯನಿದ್ದನು. 1979ರವರೆಗೆ ತಾಳವಾಡಿ ನಮ್ಮ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಅಲ್ಲಿ ಕನ್ನಡ ಶಾಲೆಗಳಿವೆ. ಮನೆಯಲ್ಲಿ ಕನ್ನಡವಾಡುತ್ತಿದ್ದರೂ ಅದರ ಅಕ್ಷರ ಕಾಣದಿದ್ದ ನಾನು ಅವನಿಂದ ಅಕ್ಷರ ಕಲಿತು, ಒಂದನೆಯ ತರಗತಿಯ ಪುಸ್ತಕದಿಂದ ಮೊದಲುಮಾಡಿ, ಇಂದು ಇಂಥ ಪತ್ರಿಕೆಗೆ ಬರೆಯುವಷ್ಟಾದೆ. ಮಗುವಿಗೆ ತಾಯ್ನುಡಿಯಲ್ಲಿಯೇ ಕಲಿಸಬೇಕೆಂಬ ತತ್ತ್ವವನ್ನು ತರಬೇತಿಯ ಪರೀಕ್ಷೆಯಲ್ಲಿ ಎರಡು ಪುಟ ಬರೆದು ಒಳ್ಳೆಯ ಅಂಕವನ್ನೂ ಪಡೆದೆ. ಆದರೆ ನನ್ನ ಮಗ ಹುಟ್ಟಿದಾಗ, ಶಾಲೆಯಲ್ಲಿ ಹಿಂದೆ ಬೀಳಬಾರದೆಂದು ಅವನೊಡನೆ ತಮಿಳನ್ನೇ ಆಡಿದೆ. ಇಂದು ಅವನಿಗೆ ಕನ್ನಡ ಕೇಳಿದರೆ ಸ್ವಲ್ಪ ತಿಳಿಯುತ್ತದೆ, ಬಾಯಿಗೆ ಬಾರದು. ಅಕ್ಷರ ಕಲಿತ ನಾನು ಮಾತನ್ನು ಮನೆಯಿಂದ ಕಳುಹಿಸಿದೆ. ಅಕ್ಷರವರಿಯದ ತಮ್ಮನು ಅದನ್ನು ಮನೆಯಲ್ಲಿಟ್ಟುಕೊಂಡನು.

"ಇವಳಿಗೆ ಹೇಗೆ ಬಂತೋ?" ಎಂದು ಕೇಳಿದೆ.

ಅವನು ಎಲೆಯನ್ನು ಮಡಿಸುತ್ತ ತಲೆಯೆತ್ತದೆ ಹೇಳಿದನು: "ನೀನು ಮಾತು ಬಿಟ್ಟೆ. ಆ ಮಾತನ್ನ ನಾನು ಯಾರ ಹತ್ರ ಆಡ್ಲಿ ಅಣ್ಣಾ? ಇವಳ ಹತ್ರ ಆಡ್ದೆ."

ಬಿಸಿಲು ತಗ್ಗಿದ ಮೇಲೆ ನಾವಿಬ್ಬರೂ ಉಕ್ಕಡದ ಪೆರಿಯಕುಳದ ಏರಿಗೆ ಹೋಗಿ ಕುಳಿತೆವು. ಆ ವರ್ಷದ ಆಗಸ್ಟಿನಲ್ಲಿ ತೆರೆದ ಹೊಸ ಮೇಲ್ಸೇತುವೆಯ ಮೇಲೆ ವಾಹನಗಳು ಹರಿಯುತ್ತಿದ್ದವು. ಏರಿಯ ಮೇಲೆ ಈಗ ನಡೆದಾಡಲು ಒಳ್ಳೆಯ ಹಾದಿ ಮಾಡಿದ್ದಾರೆ. ಆ ಕೆರೆಗೆ ನೀರು ಬರುವುದೂ ನೊಯ್ಯಲಿನಿಂದಲೇ. ಹೀಗೆ, ಎಲ್ಲಿ ಕುಳಿತರೂ ಆ ಹೊಳೆಯ ಮಾತು ತಪ್ಪುವಂತಿರಲಿಲ್ಲ. ನಾನೇ ಎತ್ತಿದೆ.

"ಅವತ್ತು ಜಗಲಿ ಮೇಲೆ ನಾನಾಡಿದ ಮಾತು..." ಎಂದು ನಿಲ್ಲಿಸಿದೆ.

ಅವನು ನೀರನ್ನೇ ನೋಡುತ್ತಿದ್ದನು. "ನೀನು ಹೇಳಿದ್ದು ಸುಳ್ಳಲ್ಲ ಅಣ್ಣಾ. ಕೆಳಗಿನ ಊರಿನವರ ಬಾವಿ ನಾನೂ ಕಂಡಿದ್ದೀನಿ. ಆದ್ರೆ ಅದನ್ನ ಹೇಳಬೇಕಾದವನು ನೀನಾಗಿರಲಿಲ್ಲ. ಹೇಳೋದಿದ್ರೆ ಅವ್ವನ ಆಸ್ಪತ್ರೆಗೆ ದುಡ್ಡು ಕಟ್ಟೋ ದಿನವೇ ಹೇಳಬೇಕಾಗಿತ್ತು."

ಮೂವತ್ತು ವರ್ಷಗಳ ಕಾಲ ಮಕ್ಕಳ ತಪ್ಪನ್ನು ಕೆಂಪು ಶಾಯಿಯಲ್ಲಿ ಗುರುತಿಸಿದವನು ನಾನು. ನನ್ನ ತಪ್ಪನ್ನು ಇಷ್ಟು ಸ್ಪಷ್ಟವಾಗಿ ಯಾರೂ ಗುರುತಿಸಿರಲಿಲ್ಲ. "ಹೌದು" ಎಂದೆ. ಬೇರೆ ಉತ್ತರವಿರಲಿಲ್ಲ. ಅವನ ಕೂಲಿಯಲ್ಲಿ ನಾನು ಉಂಡ ತರಬೇತಿಯ ದಿನಗಳ ಮಾತನ್ನೂ ಅಂದು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದೆ. ಅವನು, "ಅದ್ಯಾಕೆ ಈಗ" ಎಂದು ಕೈ ಬೀಸಿದನು.

ಆಮೇಲೆ ತನ್ನ ಈಗಿನ ಕೆಲಸವನ್ನು ಹೇಳಿದನು. ಬಣ್ಣದ ಮನೆಯನ್ನು ಮಾರಿ ಸಾಲ ತೀರಿಸಿ, ಹಲವು ಬಣ್ಣದ ಮನೆಗಳ ಕೊಳೆನೀರನ್ನು ಒಂದೇ ಕಡೆ ತಂದು ಶುದ್ಧಿ ಮಾಡುವ ಸ್ಥಾವರವೊಂದರಲ್ಲಿ ಅವನು ಮೇಲ್ವಿಚಾರಕನಾಗಿದ್ದಾನೆ. ಒಂದು ತೊಟ್ಟು ನೀರನ್ನೂ ಹೊಳೆಗೆ ಬಿಡಬಾರದೆಂಬುದು ಈಗಿನ ಕಟ್ಟಳೆ. ಮೊದಲು ಸೂಕ್ಷ್ಮಜೀವಿಗಳಿಂದ ಕೊಳೆಯನ್ನು ತಿನ್ನಿಸಿ, ಅನಂತರ ಒತ್ತಡದಿಂದ ಸಣ್ಣ ಪೊರೆಗಳ ಮೂಲಕ ನೀರನ್ನು ಹಾಯಿಸಿ ತಿಳಿ ಮಾಡುತ್ತಾರೆ. ಉಳಿದ ಉಪ್ಪುನೀರನ್ನು ಕಾಯಿಸಿ ಇಂಗಿಸಿ ಉಪ್ಪನ್ನು ಬೇರ್ಪಡಿಸುತ್ತಾರೆ. ತಿಳಿಯಾದ ನೀರೂ, ಬೇರ್ಪಡಿಸಿದ ಉಪ್ಪೂ ಮತ್ತೆ ಬಣ್ಣ ಹಾಕಲು ಬಳಕೆಯಾಗುತ್ತವೆ. ಖರ್ಚು ಬಹಳ, ಕೆಲಸ ಕಷ್ಟ, ಕಣ್ಣುತಪ್ಪಿಸುವವರು ಇನ್ನೂ ಇಲ್ಲದಿಲ್ಲ ಎಂದನು. ಹೇಳುವಾಗ ಅವನ ದನಿಯಲ್ಲಿ, ಅಪ್ಪ ನೇಯ್ದ ಸೀರೆಯ ಅಂಚನ್ನು ಬೆಳಕಿಗೆ ಹಿಡಿದು ನೋಡುವಾಗ ಇರುತ್ತಿದ್ದಂಥ ಒಂದು ನಿಧಾನವಿತ್ತು. ನಾನು ಹೊಳೆಯ ಮೇಲೆ ಪ್ರಬಂಧ ಬರೆಸುತ್ತಿದ್ದ ವರ್ಷಗಳಲ್ಲಿ ಅವನು ಹೊಳೆಯನ್ನು ಕಾಯುವ ಕೆಲಸ ಮಾಡುತ್ತಿದ್ದನು.

ಸಂಜೆ ಅಕ್ಕ ದೀಪ ಹಚ್ಚಿದಳು. ನನ್ನ ಚೀಲದಲ್ಲಿದ್ದ ಈ ಮಾಸಪತ್ರಿಕೆಯ ಹಿಂದಿನ ಸಂಚಿಕೆಯನ್ನು ತಮ್ಮ ಕೈಗೆತ್ತಿಕೊಂಡು ಹಾಳೆಗಳನ್ನು ತಿರುವಿದನು. "ನೀನು ಬರೆದದ್ದು ಯಾವುದು?" ಎಂದನು. ತೋರಿಸಿದೆ. ಅಚ್ಚಾದ ಸಾಲುಗಳ ಮೇಲೆ ಬೆರಳನ್ನು ಓಡಿಸಿ, "ನಮ್ಮ ಮಾತು. ನಮಗೇ ಓದಕ್ಕೆ ಬರಲ್ಲ" ಎಂದನು.

ಅಕ್ಕ ಎದ್ದು ಹೋಗಿ, ಒಂದು ತಟ್ಟೆಯಲ್ಲಿ ಅಕ್ಕಿ ಹರಡಿ ತಂದು ನಮ್ಮಿಬ್ಬರ ನಡುವೆ ಇಟ್ಟಳು. "ದಶಮಿಯಲ್ಲವೇನೋ! ಊರ ಮಕ್ಕಳಿಗೆಲ್ಲ ತೀಡಿಸ್ತೀಯ. ಇವನಿಗೂ ತೀಡಿಸು" ಎಂದಳು.

ಐವತ್ತೆರಡು ವರ್ಷದ ತಮ್ಮನ ಬೆರಳನ್ನು ಹಿಡಿದು ಅಕ್ಕಿಯ ಮೇಲೆ 'ಅ' ಬರೆಸಿದೆ. ತಿಳಿದುದರಿಂದ ತಿಳಿಯದುದಕ್ಕೆ ಹೋಗಬೇಕೆಂದು ತರಬೇತಿಯಲ್ಲಿ ಕಲಿಸಿದ್ದರು. ತಮಿಳು ಓದಬಲ್ಲವನಿಗೆ ಕನ್ನಡ ದೂರವಲ್ಲ. ಅ ಆ ಇ ಈ ಎಂಬ ಸಾಲು ಎರಡಕ್ಕೂ ಒಂದೇ. ತಮಿಳಿನ ಒಂದು 'ಕ' ಇರುವಲ್ಲಿ ಕನ್ನಡದಲ್ಲಿ ಕ ಖ ಗ ಘ ಎಂದು ನಾಲ್ಕು. ಒತ್ತಕ್ಷರ ಬಂದಾಗ ಮಾತ್ರ ಅವನು ತಡೆದನು. ತಮಿಳಿನಲ್ಲಿ ಅಕ್ಷರದ ಮೇಲೆ ಚುಕ್ಕೆಯಿಟ್ಟು ಪಕ್ಕದಲ್ಲಿ ಇನ್ನೊಂದನ್ನು ಬರೆದರಾಯಿತು. ನಮ್ಮಲ್ಲಿ ಒಂದರ ಕೆಳಗೆ ಇನ್ನೊಂದು ಬರಬೇಕು. 'ಅಣ್ಣ' ಎಂದು ಬರೆಸಿದಾಗ ಆ ಣ-ಒತ್ತನ್ನು ನೋಡಿ, "ಇದೇನಣ್ಣಾ, ತಮ್ಮನನ್ನ ಅಣ್ಣನ ಕಾಲಡಿ ಕೂರಿಸಿದ ಹಾಗಿದೆ!" ಎಂದನು.

"ಕಾಲಡಿಯಲ್ಲ ಕಣೋ. ಆ ಒತ್ತು ತೆಗೆದುನೋಡು. 'ಅಣ' ಆಗ್ತದೆ. ತಮ್ಮ ಕೆಳಗಿಂದ ಹಿಡ್ಕೊಂಡಿದ್ರೇನೇ ಅಣ್ಣ" ಎಂದೆ.

ಅಕ್ಕ ಸೆರಗಿನಿಂದ ಕಣ್ಣೊರಸಿಕೊಂಡು, ಇಬ್ಬರಿಗೂ ಬಸ್ಸಿಗೆ ಹೊತ್ತಾಯಿತೆಂದು ಗದರಿಸಿದಳು.

ಗಾಂಧಿಪುರದಲ್ಲಿ ಅವನು ತಿರುಪ್ಪೂರಿನ ಬಸ್ಸು ಹತ್ತಿದನು, ನಾನು ಅವಿನಾಶಿಯ ಬಸ್ಸು. ಅಂದಿನಿಂದ ಭಾನುವಾರಗಳಂದು ಅವನು ಫೋನು ಮಾಡುತ್ತಾನೆ. ಆ ವಾರ ಕಲಿತ ಅಕ್ಷರಗಳನ್ನು ಒಪ್ಪಿಸುತ್ತಾನೆ. ಮಿಲಾನಿನ ಹುಡುಗಿಯೂ ಕಲಿಯಲು ತೊಡಗಿದ್ದಾಳೆ, ಅಪ್ಪನಿಗಿಂತ ಚುರುಕು. ನನ್ನ ಮಗನಿಗೆ ನಾನೀಗ ಫೋನಿನಲ್ಲಿ ಮೊದಲು 'ಉಂಡ್ಯಾ' ಎಂದೇ ಕೇಳುತ್ತೇನೆ. ಅವನು ನಗುತ್ತಾನೆ, ತಮಿಳಿನಲ್ಲಿ ಉತ್ತರ ಕೊಡುತ್ತಾನೆ. ಕೊಡಲಿ. ಕೇಳುವುದನ್ನು ನಾನು ಬಿಡುವುದಿಲ್ಲ.

ಈ ಪತ್ರಿಕೆಯನ್ನೋದುವ ಬಂಧುಗಳಲ್ಲಿ ಎಷ್ಟೋ ಮನೆಗಳಲ್ಲಿ ಆಸ್ತಿಗೋ ಮಾತಿಗೋ ಮುನಿದ ಒಡಹುಟ್ಟಿದವರಿದ್ದಾರು. ಗಡಿಯ ಈಚೆ ಬಾಳುವ ನಮಗೆ ಮನೆಮಾತನ್ನಾಡಲು ಬೀದಿಯಿಲ್ಲ, ಅಂಗಡಿಯಿಲ್ಲ, ಶಾಲೆಯಿಲ್ಲ. ಇರುವುದು ಒಡಹುಟ್ಟಿದವರು ಮಾತ್ರ. ಅವರೊಡನೆ ಮಾತು ಬಿಟ್ಟರೆ ಮಾತೇ ಹೋಗುತ್ತದೆ. ಹಬ್ಬದ ದಿನ ನೋಡಿ ಒಮ್ಮೆ ಬಸ್ಸು ಹತ್ತಿರಿ. ಆಡಬೇಕಾದ ಮೊದಲ ಮಾತನ್ನು ಯೋಚಿಸಬೇಕಾಗಿಲ್ಲ. ಉಂಡೆಯಾ ಎಂದು ಕೇಳಿದರೆ ಸಾಕು.

ಆ ಬಿಳಿ ಅಂಗಿಯನ್ನು ನನ್ನ ಮಡದಿ ನಾಲ್ಕು ಸಲ ಒಗೆದಿದ್ದಾಳೆ. ಅರಿಶಿನ ಪೂರ್ತಿ ಹೋಗಿಲ್ಲ. ಇನ್ನು ಉಜ್ಜುವುದು ಬೇಡವೆಂದು ಹೇಳಿದ್ದೇನೆ.